ಒಂದು ಸಾಲು ಹೆಚ್ಚಿದ್ದ ಪಟ್ಟಿ

ನಮ್ಮೂರಿನಲ್ಲಿ ಪಟ್ಟಿಯಲ್ಲಿ ಇದ್ದದ್ದು ಇರುತ್ತದೆ, ಪಟ್ಟಿಯಿಂದ ತೆಗೆದದ್ದು ಇರುವುದಿಲ್ಲ. ಇದನ್ನು ಕೇಳಿ ಹುಬ್ಬೇರಿಸುವ ಹೊರಗಿನವರಿಗೆ ನಾನು ಹೆಚ್ಚೇನೂ ಹೇಳಲು ಹೋಗುವುದಿಲ್ಲ. ನಿಮ್ಮೂರಿನಲ್ಲಿ ನೀರು ಯಾಕೆ ಕೆಳಕ್ಕೇ ಹರಿಯುತ್ತದೆ ಎಂದು ನಾನು ಕೇಳಿದ್ದೇನೆಯೇ? ಊರ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಇದೆ, ಅದರಲ್ಲಿ ನಾಲ್ಕು ಪಟ್ಟಿಗಳಿವೆ, ಇಪ್ಪತ್ತೈದು ವರ್ಷದಿಂದ ಅವುಗಳನ್ನು ನೋಡಿಕೊಳ್ಳುತ್ತಿರುವವನು ನಾನು. ನನ್ನ ಹೆಸರು ಕಲ್ಲಿನಾಥ. ಹೆಸರಿನ ಪಟ್ಟಿಯಲ್ಲಿ ಹಾಗೆಯೇ ಇದೆ, ಆದರೆ ಊರವರೆಲ್ಲ ಕರೆಯುವುದು ಪಟ್ಟಿ ಮಾಸ್ತರ್ ಎಂದು.

ಮೊದಲನೆಯದು ಹೆಸರಿನ ಪಟ್ಟಿ, ಎರಡನೆಯದು ವಯಸ್ಸಿನದು, ಮೂರನೆಯದು ಮನೆಯದು, ನಾಲ್ಕನೆಯದು ದನಿಯದು. ದನಿಯನ್ನು ಹೇಗೆ ಬರೆಯುತ್ತೀರಿ ಎಂದು ಕೇಳುವವರಿದ್ದಾರೆ. ಬರೆಯುತ್ತೇವೆ, ಅಷ್ಟೆ. ಈ ಪ್ರೋಗ್ರಾಂ ಬರೆದವನೂ ನಾನೇ. ಆಗ ನನಗೆ ಪಟ್ಟಿ ಮಾಡುವುದೊಂದೇ ಗೊತ್ತಿತ್ತು. ಹೆಸರುಗಳೆಲ್ಲ ಒಂದು ಕಡೆ, ವಯಸ್ಸುಗಳೆಲ್ಲ ಒಂದು ಕಡೆ, ಮನೆಗಳೆಲ್ಲ ಇನ್ನೊಂದು ಕಡೆ. ಒಬ್ಬನ ಹೆಸರಿಗೂ ಅವನ ದನಿಗೂ ಇದ್ದ ನಂಟು ಎಂದರೆ ಸಾಲಿನ ಸಂಖ್ಯೆ ಮಾತ್ರ. ಹೆಸರಿನ ಪಟ್ಟಿಯ ನೂರನೆಯ ಸಾಲಿನವನಿಗೆ ವಯಸ್ಸಿನ ಪಟ್ಟಿಯ ನೂರನೆಯ ಸಾಲಿನ ವಯಸ್ಸು, ದನಿಯ ಪಟ್ಟಿಯ ನೂರನೆಯ ಸಾಲಿನ ದನಿ. ಊರಿಗೆ ಬಂದ ಕ್ರಮದಲ್ಲಿ ಎಲ್ಲರಿಗೂ ಸಂಖ್ಯೆ ಸಿಗುತ್ತಿತ್ತು, ಹೊಟ್ಟೆಯಿಂದ ಬಂದರೂ ಸರಿ, ಬಸ್ಸಿನಿಂದ ಇಳಿದರೂ ಸರಿ. ಕಂಪ್ಯೂಟರ್ ಸೊನ್ನೆಯಿಂದ ಎಣಿಸುವುದರಿಂದ ಊರಿನ ಹಿರಿಯರಾದ ಗೌಡರಿಗೆ ಸೊನ್ನೆ ಬಂದಿತ್ತು. ಅವರು ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಒಮ್ಮೆ ಹದಿನೆಂಟನ್ನು ಎಂಬತ್ತೊಂದು ಎಂದು ಒತ್ತಿಬಿಟ್ಟು, ಒಬ್ಬ ಹುಡುಗ ಮಧ್ಯಾಹ್ನದಿಂದ ಸಂಜೆಯವರೆಗೆ ಕೋಲೂರಿಕೊಂಡು ಓಡಾಡಿದ್ದೂ ಉಂಟು. ಇಂಥ ಚಿಕ್ಕಪುಟ್ಟ ಎಡವಟ್ಟು ಬಿಟ್ಟರೆ ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಯಾರಾದರೂ ತೀರಿಕೊಂಡರೆ ಮೂರನೆಯ ದಿನ ಮನೆಯವರು ಕಚೇರಿಗೆ ಬರುತ್ತಾರೆ. ಅವರ ಎದುರಿಗೆ ನಾನು ನಾಲ್ಕು ಪಟ್ಟಿಯಿಂದಲೂ ಆ ಸಂಖ್ಯೆಯ ಸಾಲನ್ನು ತೆಗೆಯುತ್ತಿದ್ದೆ. ಸಾಲು ಹೋದಮೇಲೆ ಕೆಳಗಿನವರೆಲ್ಲ ಒಂದೊಂದು ಸಂಖ್ಯೆ ಮೇಲಕ್ಕೆ ಸರಿಯುತ್ತಿದ್ದರು. ಹೆಸರು ತೆಗೆದರೆ ಆ ಹೆಸರು ಮತ್ತೆ ಯಾರ ಬಾಯಿಗೂ ಬರುವುದಿಲ್ಲ. ವಯಸ್ಸು ತೆಗೆದರೆ ಎಷ್ಟು ವರ್ಷ ಬಾಳಿದರು ಎಂಬುದು ಮರೆತುಹೋಗುತ್ತದೆ. ಮನೆ ತೆಗೆದರೆ ಅವರು ಎಲ್ಲಿ ಮಲಗುತ್ತಿದ್ದರು, ಯಾವ ಗೂಟಕ್ಕೆ ಬಟ್ಟೆ ಹಾಕುತ್ತಿದ್ದರು ಎಂಬುದು ಹೋಗುತ್ತದೆ. ದನಿ ತೆಗೆದರೆ ದನಿ. ಆಡಿದ ಮಾತು ನೆನಪಿರುತ್ತದೆ, ಮುಖ ನೆನಪಿರುತ್ತದೆ, ಆದರೆ ಆ ಬಾಯಿಂದ ಆ ಮಾತು ಹೇಗೆ ಕೇಳಿಸುತ್ತಿತ್ತು ಎಂಬುದು ಮಾತ್ರ ಎಷ್ಟು ತಿಣುಕಿದರೂ ಬರುವುದಿಲ್ಲ. ಊರಿನವರಿಗೆ ಇದು ರೂಢಿಯಾಗಿತ್ತು. ಅಳುತ್ತ ಬರುತ್ತಿದ್ದರು, ತೆಗೆದ ಮೇಲೆ ಸ್ವಲ್ಪ ಹಗುರಾಗಿ ಹೋಗುತ್ತಿದ್ದರು.

ನನ್ನ ಹೆಂಡತಿ ಹೋದಾಗ ನಾಲ್ಕನ್ನೂ ನಾನೇ ತೆಗೆದೆ. ಮನೆಯಲ್ಲಿ ನಡೆಯಲು ಕಲಿಯುತ್ತಿದ್ದ ಮಗಳು ಪಕ್ಕದವರ ಸೊಂಟದ ಮೇಲೆ ಅಳುತ್ತಿದ್ದಳು, ನಾನು ಬೇಗ ಮುಗಿಸಿ ಹೋಗಬೇಕಿತ್ತು. ಆಮೇಲೆ ಮಗಳು ದೊಡ್ಡವಳಾದಂತೆ, ಅವ್ವ ಹೇಗೆ ಮಾತಾಡುತ್ತಿದ್ದಳು ಎಂದು ಕೇಳುತ್ತಿದ್ದಳು. ನಾನು ಮಾತುಗಳನ್ನು ಹೇಳುತ್ತಿದ್ದೆ. ಮಾತಲ್ಲಪ್ಪ, ದನಿ ಹೇಗಿತ್ತು ಎನ್ನುತ್ತಿದ್ದಳು.

ಆ ಮಗಳ ಹೆಸರನ್ನು ನಾನು ಇಲ್ಲಿ ಬರೆಯಲಾರೆ. ಅವಳಿಗೆ ಹತ್ತೊಂಬತ್ತೋ ಇಪ್ಪತ್ತೊಂದೋ ತಿಳಿಯದು. ಕಲಾಯಿ ಹಾಕುವ ಮಕ್ತುಮಸಾಬ ಬಸ್ಸಿಳಿದು ಊರಿಗೆ ಬಂದದ್ದು ಅವಳು ಹುಟ್ಟಿದ ವಾರದಲ್ಲೇ, ಹಾಗಾಗಿ ಅವನು ಬಂದು ಎಷ್ಟು ವರ್ಷವಾಯಿತೆಂದು ಎಣಿಸಿದರೆ ಗೊತ್ತಾಗಬೇಕು. ಎಣಿಸಲು ಕೂತಾಗಲೆಲ್ಲ ಲೆಕ್ಕ ತಪ್ಪುತ್ತದೆ. ಅವಳ ಸಂಖ್ಯೆಯೊಂದು ನನಗೆ ಗೊತ್ತಿದೆ, ಯಾಕೆಂದರೆ ಸಂಖ್ಯೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆರುನೂರ ಮೂವತ್ತೇಳು. ಮಗಳನ್ನು ಅಂಕೆಯಿಂದ ನೆನೆಯುವ ತಂದೆ ಇನ್ನೆಲ್ಲೂ ಇರಲಿಕ್ಕಿಲ್ಲ.

ಅವಳ ಒಂದು ಮಾತು ಹೇಳುತ್ತೇನೆ. ನಾನು ದಿನಾ ಬೆಳಿಗ್ಗೆ ಬುತ್ತಿ ಹಿಡಿದು ಕಚೇರಿಗೆ ಹೊರಡುವಾಗ ಕನ್ನಡಕವನ್ನು ಕಿಟಕಿಯ ಮೇಲೆ ಬಿಟ್ಟು ಹೋಗುತ್ತಿದ್ದೆ. ನಾಲ್ಕು ಹೆಜ್ಜೆ ಹೋಗುತ್ತಲೂ ಹಿಂದಿನಿಂದ, "ಅಪ್ಪಾ, ಕನ್ನಡಕಾ!" ಎಂಬ ಕೂಗು. ಓಣಿಯವರೆಲ್ಲ ನಗುತ್ತಿದ್ದರು. ಕೊನೆಕೊನೆಗೆ ನಾನು ಬೇಕೆಂದೇ ಬಿಟ್ಟು ಹೋಗುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು. ಒಂದು ವಾರ ಜ್ವರ ಬಂತು, ವಾರ ಮುಗಿಯುವುದರೊಳಗೆ ಅವಳು ಇರಲಿಲ್ಲ.

ಮೂರನೆಯ ದಿನ ಕಚೇರಿಯಲ್ಲಿ ಕೂತೆ. ಮನೆಯವನೂ ನಾನೇ, ತೆಗೆಯುವವನೂ ನಾನೇ. ಬಾಗಿಲ ಹತ್ತಿರ ಓಣಿಯ ನಾಲ್ಕು ಜನ ನಿಂತಿದ್ದರು. ಹೆಸರಿನ ಪಟ್ಟಿ ತೆರೆದು ಆರುನೂರ ಮೂವತ್ತೇಳು ಎಂದು ಒತ್ತಿದೆ. ತೆಗೆಯಲೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದೆ. ಬಾಗಿಲಲ್ಲಿ ನಿಂತವರಲ್ಲಿ ಒಬ್ಬಳು ಅವಳ ಹೆಸರು ಹಿಡಿದು ಅಳುತ್ತಿದ್ದವಳು ನಡುವೆಯೇ ತಡವರಿಸಿ, ಬರೀ "ಯವ್ವಾ" ಎಂದು ಅಳತೊಡಗಿದಳು. ವಯಸ್ಸು ತೆಗೆದೆ. ಮನೆ ತೆಗೆದೆ. ದನಿಯ ಪಟ್ಟಿ ತೆರೆದು, ಸಂಖ್ಯೆ ಒತ್ತಿದೆ. ತೆಗೆಯಲೇ ಎಂದು ಕೇಳಿತು. ಹೆಂಡತಿಯ ದನಿ ಹೋದದ್ದು ನೆನಪಾಯಿತು. ಈ ಪ್ರಶ್ನೆ ಕೇಳುವ ಸಾಲನ್ನೂ ನಾನೇ ಬರೆದಿದ್ದೆ, ಇಪ್ಪತ್ತೈದು ವರ್ಷದ ಹಿಂದೆ, ಚಹಾ ಕುಡಿಯುತ್ತ. ಬೇಡ ಎಂದು ಒತ್ತಿದೆ. ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡಿದ್ದರಿಂದ ಯಾರೂ ನೋಡಲಿಲ್ಲ. ಎದ್ದು ಬಂದು, "ಮುಗೀತ್ರಿ" ಎಂದೆ.

ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೆಸರಿನ ಪಟ್ಟಿಯಲ್ಲಿ ಕೆಳಗಿನವರೆಲ್ಲ ಒಂದು ಸಾಲು ಮೇಲಕ್ಕೆ ಬಂದರು, ದನಿಯ ಪಟ್ಟಿಯಲ್ಲಿ ಎಲ್ಲರೂ ಇದ್ದಲ್ಲೇ ಉಳಿದರು. ನನ್ನ ಮಗಳ ಸಾಲಿಗೆ ಬಂದದ್ದು ಅವಳ ಹಿಂದೆಯೇ ಊರಿಗೆ ಬಂದ ಮಕ್ತುಮಸಾಬ. ಅವನಿಗೆ ಅವಳ ದನಿ ಸಿಕ್ಕಿತು. ಅವನ ದನಿ ಅವನ ನಂತರದ ಸಂಖ್ಯೆಯ ಹಾಲಿನ ಗಂಗವ್ವನಿಗೆ ಹೋಯಿತು. ಗಂಗವ್ವನದು ಮತ್ತೊಬ್ಬರಿಗೆ, ಅವರದು ಮಗದೊಬ್ಬರಿಗೆ. ಹೀಗೆ ಐನೂರು ಜನ ಆ ಕ್ಷಣದಿಂದ ಇನ್ನೊಬ್ಬರ ದನಿಯಲ್ಲಿ ಮಾತಾಡತೊಡಗಿದರು.

ಮೊದಲ ವಾರ ಕಚೇರಿಯ ಮುಂದೆ ಗದ್ದಲವೋ ಗದ್ದಲ. ಯಂತ್ರಕ್ಕೆ ಏನೋ ಆಗಿದೆ, ನೋಡುತ್ತಿದ್ದೇನೆ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಆಮೇಲೆ ಜನ ಹೊಂದಿಕೊಂಡರು. ಎಂಥದಕ್ಕಾದರೂ ಹೊಂದಿಕೊಳ್ಳುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ. ಯಾರ ದನಿ ಯಾರ ಹತ್ತಿರ ಇದೆ ಎಂದು ಹುಡುಕಿಕೊಂಡರು. ಒಬ್ಬಳು ಬಾಣಂತಿಯ ದನಿ ಹಿಟ್ಟಿನ ಗಿರಣಿಯ ಈರಪ್ಪನಿಗೆ ಸಿಕ್ಕಿತ್ತು. ಕೂಸು ತಾಯಿಯ ದನಿ ಕೇಳದೆ ಮಲಗುತ್ತಿರಲಿಲ್ಲ. ಆಜಾನುಬಾಹು ಈರಪ್ಪ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಮಧ್ಯಾಹ್ನ ಎರಡಕ್ಕೆ ಗಿರಣಿ ನಿಲ್ಲಿಸಿ ಅವರ ಮನೆಗೆ ಹೋಗಿ ತೊಟ್ಟಿಲ ಹತ್ತಿರ ಕೂತು ಜೋಗುಳ ಹಾಡಿ ಬರುತ್ತಿದ್ದ. ಯಾರಿಗಾದರೂ ನೆಗಡಿಯಾದರೆ ದನಿಯ ಮೂಲ ಒಡೆಯರು ಬಂದು, "ನಂದ ದನಿ ಐತಿ, ಸ್ವಲ್ಪ ಬಿಸಿನೀರ ಕುಡೀರಿ" ಎಂದು ಹೇಳಿಹೋಗುತ್ತಿದ್ದರು. ಹೊಸದಾಗಿ ಹುಟ್ಟಿದ ಒಂದು ಕೂಸು, ಊರಿಗೆ ಕೊನೆಯಲ್ಲಿ ಬಂದು ಸೇರಿದ್ದ ಕಂಡಕ್ಟರನ ಗಡಸು ದನಿಯಲ್ಲಿ ಅತ್ತು, ಸೂಲಗಿತ್ತಿ ಹೌಹಾರಿದಳು. ಇದನ್ನೆಲ್ಲ ಕೇಳಿ ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಎಲ್ಲಿ ಯಾರಾದರೂ ಸಾಯುತ್ತಾರೋ, ಆಗ ಸಾಲು ತೆಗೆಯಲು ಹೋದರೆ ಬದುಕಿದವರೊಬ್ಬರ ದನಿ ಹೋಗಿ ನನ್ನ ಕಳ್ಳತನ ಬಯಲಾಗುತ್ತದೋ ಎಂದು ಒಳಗೇ ನಡುಗುತ್ತಿದ್ದೆ. ಏಳು ತಿಂಗಳು ಯಾರೂ ಸಾಯಲಿಲ್ಲ.

ಆ ಏಳು ತಿಂಗಳೂ ನಾನು ದಿನಾ ಮಕ್ತುಮಸಾಬನ ಅಂಗಳಕ್ಕೆ ಹೋದೆ. ಅವನಿಗೆ ಅರವತ್ತೇಳು ವರ್ಷ. ಅಂಗಳದ ಮೂಲೆಯಲ್ಲಿ ಚಿಕ್ಕ ಕುಲುಮೆ, ಪಕ್ಕದಲ್ಲಿ ತಿದಿ, ತವರದ ಕಡ್ಡಿ, ಹತ್ತಿಯ ಉಂಡೆ. ಕಂಚು ಹಿತ್ತಾಳೆ ಪಾತ್ರೆಗಳ ಒಳಗೆ ಕಲಾಯಿ ಮಾಡಿ ಬೆಳ್ಳಗೆ ಮಾಡಿಕೊಡುವುದು ಅವನ ಕಸುಬು. ನಾನು ಮನೆಯ ಒಂದು ಕೊಡ ಒಯ್ದೆ, ಆಮೇಲೆ ಪಾತೇಲಿ, ಆಮೇಲೆ ತಂಬಿಗೆ. ಒಬ್ಬನೇ ಇರುವ ಮನೆಯಲ್ಲಿ ಎಷ್ಟು ಪಾತ್ರೆ ಇದ್ದಾವು? ಎಲ್ಲ ಮುಗಿದ ಮೇಲೆ ಮೊದಲಿನ ಕೊಡವನ್ನೇ ಮತ್ತೆ ಒಯ್ದೆ. ಅವನು ಅದನ್ನು ತಿರುಗಿಸಿ ನೋಡಿ, "ಇದರ ಕಲಾಯಿ ಸ್ವಲ್ಪ ಹೋಗೇತಿ ಬಿಡ್ರಿ ಮಾಸ್ತರ್ರ, ಕೂಡ್ರಿ, ಹಾಕಿಕೊಡತೀನಿ" ಎಂದ. ಕಲಾಯಿ ಎಳ್ಳಷ್ಟೂ ಹೋಗಿರಲಿಲ್ಲ.

ಅವನು ಮಾತಾಡುತ್ತಿದ್ದ, ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ಅವನ ಬಿಳಿ ಗಡ್ಡವನ್ನು ನೋಡಬಾರದು ಎಂದೇ ಕಣ್ಣು ನೆಲಕ್ಕೆ ನೆಟ್ಟಿರುತ್ತಿದ್ದೆ. ಅವನು ಆಡುತ್ತಿದ್ದದ್ದು ಅವಳು ಎಂದೂ ಆಡದ ಮಾತುಗಳು. ಕಲಾಯಿಗೆ ಹಾಕುವ ನವಸಾಗರ ಈಗ ಮೊದಲಿನ ಹಾಗೆ ಬರುವುದಿಲ್ಲ, ಸ್ಟೀಲು ಬಂದು ನಮ್ಮ ಕಸುಬು ಹೋಯಿತು, ಮೊಣಕಾಲು ಹಿಡಿದುಕೊಳ್ಳುತ್ತದೆ. ಆದರೆ ದನಿ ಅವಳದೇ. ನಗುವ ಮೊದಲು ಒಂದಿಷ್ಟು ಉಸಿರು ಹಿಡಿಯುವುದಿತ್ತಲ್ಲ, ಅದೂ ಇತ್ತು. ನನಗೆ ಅಷ್ಟು ಸಾಕಾಗಿತ್ತು. "ಅಪ್ಪಾ ಅಂತ ಒಂದ ಸಲ ಅನ್ನು ಚಾಚಾ" ಎಂದು ಕೇಳುವ ಆಸೆ ನಾಲಿಗೆಯ ತುದಿಗೆ ಬರುತ್ತಿತ್ತು. ಕೇಳಲಿಲ್ಲ. ಕೇಳಿದರೆ ಅವನಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ, ನಾನೊಬ್ಬ ಪೆದ್ದ.

ಅವನ ಹೆಂಡತಿ ಮಾಬೂಬಿ ಇದೇ ಊರಿನವಳು, ಮೇಲಿನ ಸಾಲಿನವಳಾದ್ದರಿಂದ ಅವಳ ದನಿ ಬದಲಾಗಿರಲಿಲ್ಲ. ಅವಳಿಗೆ ಕಣ್ಣು ಹೋಗಿ ಎರಡು ವರ್ಷವಾಗಿತ್ತು. ನೆನಪೂ ಅರ್ಧಂಬರ್ಧ, ಬೆಳಿಗ್ಗೆ ಹೇಳಿದ್ದು ಸಂಜೆಗಿಲ್ಲ. ಅವಳು ಒಳಗೆ ಬಾಗಿಲ ಪಕ್ಕದಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿರುತ್ತಿದ್ದಳು. ನಾನು ಹೋದಾಗಲೆಲ್ಲ ಮಕ್ತುಮಸಾಬ ಬಾಗಿಲನ್ನು ಸಾವಕಾಶ ಮುಂದಕ್ಕೆ ಎಳೆದು, ಅಂಗಳದ ತುದಿಗೆ ಬಂದು ಕೂತು ಮಾತಾಡುತ್ತಿದ್ದ. ಯಾಕೆಂದು ನಾನು ಕೇಳಲಿಲ್ಲ. ನನಗೆ ಬೇಕಾದದ್ದು ನನಗೆ ಸಿಗುತ್ತಿತ್ತು.

ಏಳನೆಯ ತಿಂಗಳಲ್ಲಿ ಊರ ಕಮಿಟಿಯವರಿಗೆ ನನ್ನ ನೆವ ಸಾಕಾಯಿತು. ಪಕ್ಕದೂರಿನಿಂದ ನೀಲಾಂಬಿಕಾ ಸಿಂಪಿ ಎಂಬ ಪ್ರೋಗ್ರಾಂ ಬರೆಯುವ ಹೆಣ್ಣುಮಗಳನ್ನು ಕರೆಸಿದರು. ನಲವತ್ತರ ಆಸುಪಾಸು, ಕೊರಳಲ್ಲಿ ಚಿನ್ನವಿಲ್ಲ, ಅಳತೆ ಟೇಪು ನೇತಾಡುತ್ತಿತ್ತು. ಅಪ್ಪ ಟೇಲರ್ ಅಂತೆ, ತೀರಿಕೊಂಡ ಮೇಲೆ ಅವನ ಟೇಪನ್ನು ಹಾಕಿಕೊಂಡೇ ಓಡಾಡುತ್ತಾಳಂತೆ. ನನ್ನ ಪ್ರೋಗ್ರಾಂ ತೆರೆದು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ನಕ್ಕಳು.

"ಇದೇನ್ರಿ ಮಾಸ್ತರ್ರ, ಎಲ್ಲಾರ ಹೆಸರ ಒಂದ ಕಡೆ, ಎಲ್ಲಾರ ದನಿ ಒಂದ ಕಡೆ! ನಮ್ಮಪ್ಪ ಅಂಗಡಿ ತಗದಾಗ ಮೊದಲ ವರ್ಷ ಹಿಂಗ ಮಾಡಿದ್ನಂತ. ಎಲ್ಲಾ ಅರಿವಿ ಒಂದ ಕಪಾಟಿನಾಗ, ಎಲ್ಲಾ ಅಳತಿ ಚೀಟಿ ಒಂದ ಡಬ್ಬ್ಯಾಗ, ಎಲ್ಲಾ ಗುಂಡಿ ಒಂದ ಭರಣ್ಯಾಗ. ಒಂದ ಚೀಟಿ ಗಾಳಿಗೆ ಹಾರಿತಂತ. ಹಬ್ಬದಾಗ ಅರ್ಧಾ ಊರು ಇನ್ನೊಬ್ಬರ ಅಂಗಿ ಹಾಕ್ಕೊಂಡು ತಿರಗ್ಯಾಡಿತು."

"ಆಮ್ಯಾಲ?" ಎಂದೆ.

"ಆಮ್ಯಾಲ ಗಂಟು ಕಟ್ಟಾಕ ಸುರು ಮಾಡ್ದ. ಒಬ್ಬರ ಅರಿವಿ, ಅವರ ಅಳತಿ ಚೀಟಿ, ಅವರ ಗುಂಡಿ, ದಾರ, ಎಲ್ಲಾ ಒಂದ ಗಂಟಿನಾಗ. ಎತ್ತಿದರ ಒಂದಕ್ಕೊಂದು ಕೂಡೇ ಬರಬೇಕು, ಇಟ್ಟರ ಕೂಡೇ ಇರಬೇಕು."

ಹೇಳುತ್ತಲೇ ಒತ್ತಿ ತೋರಿಸಿದಳು. ಮೇಲೆ ವ್ಯಕ್ತಿ ಎಂದು ಬರೆದಳು, ಒಂದು ಆವರಣ ತೆರೆದಳು, ಅದರ ಹೊಟ್ಟೆಯೊಳಗೆ ಹೆಸರು, ವಯಸ್ಸು, ಮನೆ, ದನಿ ಎಂದು ನಾಲ್ಕು ಸಾಲು ಬರೆದು ಆವರಣ ಮುಚ್ಚಿದಳು. "ಪುಸ್ತಕದಾಗ ಇದಕ್ಕ ಸ್ಟ್ರಕ್ಚರ್ ಅಂತಾರ್ರಿ. ನಾನು ಗಂಟು ಅಂತೀನಿ. ಇನ್ನ ಮ್ಯಾಲ ಊರಾಗ ನಾಕು ಪಟ್ಟಿ ಇರೂದಿಲ್ಲ. ಒಂದ ಪಟ್ಟಿ, ಗಂಟಿನ ಪಟ್ಟಿ. ಒಬ್ಬರ ದನಿ ಇನ್ನೊಬ್ಬರಿಗೆ ಹೋಗೂ ಮಾತ ಇಲ್ಲ."

ಇಷ್ಟು ಸರಳವಾದದ್ದು ಇಪ್ಪತ್ತೈದು ವರ್ಷ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಮರುಕ್ಷಣವೇ ಭಯವಾಯಿತು, ಯಾಕೆಂದರೆ ಅವಳು ಗಂಟು ಕಟ್ಟುವ ಮೊದಲು ನಾಲ್ಕು ಪಟ್ಟಿಯ ಸಾಲುಗಳನ್ನೂ ಎಣಿಸಿದಳು. ಹೆಸರು ಸಾವಿರದ ನೂರ ನಲವತ್ತು. ವಯಸ್ಸು ಅಷ್ಟೇ. ಮನೆ ಅಷ್ಟೇ. ದನಿ ಸಾವಿರದ ನೂರ ನಲವತ್ತೊಂದು.

ಅವಳು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಒಂದ ದನಿ ಹೆಚ್ಚೈತ್ರಿ. ಯಾವ್ದು?"

"ಗೊತ್ತಿಲ್ರಿ" ಎಂದೆ. ನನ್ನ ದನಿ ನನ್ನದೇ ಆಗಿತ್ತು, ನಾನು ಮಗಳಿಗಿಂತ ಎಷ್ಟೋ ಮೇಲಿನ ಸಾಲಿನವನು. ಆದರೂ ಅದು ಬೇರೆ ಯಾರದೋ ಎಂಬಂತೆ ಕೇಳಿಸಿತು.

ಅವಳು ಎದ್ದು ಹೊರಟಳು. ಅದನ್ನು ಹುಡುಕಲು ಐದು ನಿಮಿಷವೂ ಬೇಡ ಎಂದು ನನಗೆ ಗೊತ್ತಿತ್ತು. ಯಾವ ಸಂಖ್ಯೆಯಿಂದ ದನಿ ತಪ್ಪಿದೆ ಎಂದು ಊರಿನಲ್ಲಿ ನಾಲ್ಕು ಜನರನ್ನು ಮಾತಾಡಿಸಿದರೆ ಮುಗಿಯಿತು. ಅವಳು ಮಾತಾಡಿಸಿಯೂ ಬಂದಳು. ಮಧ್ಯಾಹ್ನ ತಿರುಗಿ ಬಂದವಳು ನನ್ನ ಎದುರಿಗೆ ಕೂತು, ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ನಾನೇ ಬಾಯಿ ಬಿಟ್ಟೆ. "ಒಂದ ಗಂಟು ಹೆಚ್ಚಿಗಿ ಮಾಡಿದರ ಆಗೂದಿಲ್ಲೇನ್ರಿ ಮೇಡಂ? ಅದರಾಗ ದನಿ ಅಷ್ಟ ಇಡೋಣು. ಹೆಸರು ಬ್ಯಾಡ, ವಯಸ್ಸು ಬ್ಯಾಡ. ಯಾರಿಗೂ ತ್ರಾಸಿಲ್ಲ."

"ಮಾಡಬಹುದ್ರಿ. ಯಂತ್ರ ಒಲ್ಲೆ ಅನ್ನೂದಿಲ್ಲ" ಎಂದಳು. "ಆದರ ಗಂಟಿನಾಗ ನಾವು ಖಾಲಿ ಬಿಟ್ಟ ಜಾಗಾ ಖಾಲಿ ಇರೂದಿಲ್ಲ ಮಾಸ್ತರ್ರ. ಅಲ್ಲಿ ಹಿಂದ ಏನ ಬಿದ್ದಿತ್ತೋ ಅದ ಇರತೈತಿ. ಯಾರದೋ ಹೆಸರಿನ ಚೂರು, ಯಾರದೋ ವಯಸ್ಸು. ನಿಮ್ಮೂರಾಗ ಬರದದ್ದು ಖರೇ ಆಗತೈತಿ ಅಂತೀರಿ. ಹಂಗಾರ ಅದು ಏನಾಗಿ ಬರತೈತಿ, ಎಲ್ಲಿ ಇರತೈತಿ, ನೀವ ವಿಚಾರ ಮಾಡ್ರಿ. ನಿಮ್ಮ ಕೂಸಿನ ದನಿಗೆ ಅಂಥಾ ಗತಿ ಬೇಕೇನ್ರಿ?"

ನಿಮ್ಮ ಕೂಸು ಎಂದಳು. ಅಷ್ಟರಲ್ಲೇ ಎಲ್ಲ ಬಂತು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಮೂರನೆಯ ದಿನವೂ ನಾನು ಹಾಗೆ ಅತ್ತಿರಲಿಲ್ಲ.

"ನಾಳೆ ಹನ್ನೊಂದಕ್ಕ ಗಂಟು ಕಟ್ಟತೀನ್ರಿ" ಎಂದಳು. "ಆ ಸಾಲು ನಾ ಮುಟ್ಟೂದಿಲ್ಲ. ನೀವ ತಗೀರಿ. ತಗ್ಯಾಕ ಆಗೂದಿಲ್ಲ ಅಂದ್ರ, ಈ ಊರು ಹೆಂಗೈತೋ ಹಂಗ ಬಿಟ್ಟು ನಾ ಬಸ್ ಹತ್ತತೀನಿ. ಕಮಿಟಿಯವರಿಗೆ ನನಗ ಬಗೀಹರೀಲಿಲ್ಲ ಅಂತ ಹೇಳತೀನಿ."

ಆ ಮಾತು ಕೇಳಿ ನನಗೆ ಸಂತೋಷವಾಯಿತು ಎಂದು ಹೇಳಲು ಈಗ ಹೇಸಿಗೆಯಾಗುತ್ತದೆ. ಹಾಗಾದರೆ ಅವಳನ್ನು ಬಸ್ಸಿಗೆ ಹತ್ತಿಸಿದರಾಯಿತು ಎಂದುಕೊಂಡೆ. ಊರೇನು ಸತ್ತುಹೋಗಿಲ್ಲವಲ್ಲ, ಈರಪ್ಪನ ಜೋಗುಳ ಚೆನ್ನಾಗಿಯೇ ಇದೆ, ಕೂಸು ಮಲಗುತ್ತಿದೆ. ನಾನು ಸಾಯುವವರೆಗೆ ಹೀಗೇ ಇದ್ದರೆ ಯಾರ ಗಂಟು ಹೋಗುತ್ತದೆ?

ಮರುದಿನ ಬೆಳಿಗ್ಗೆ ಎಂಟಕ್ಕೇ ಮಕ್ತುಮಸಾಬನ ಮನೆಗೆ ಹೋದೆ. ಕೈಯಲ್ಲಿ ಅದೇ ಕೊಡ. ಅವನು ಇದ್ದಿಲು ತರಲು ಹೋಗಿದ್ದ. ಬಾಗಿಲು ತೆರೆದಿತ್ತು. ಆಗಲೇ ಗಂಗವ್ವ ಹಾಲು ತಂದಳು. ಅವಳು ಹಾಲೂ ಎಂದು ಕೂಗಲಿಲ್ಲ, ಅಳೆಯುವ ಲೋಟದಿಂದ ಕ್ಯಾನಿಗೆ ಎರಡು ಸಲ ಬಡಿದಳು, ಪಾತ್ರೆಗೆ ಹಾಲು ಹೊಯ್ದಳು. ಏನವ್ವ, ಬಾಯಿ ಹೋಯಿತೇ ಎಂದು ನಾನು ತಮಾಷೆ ಮಾಡಿದೆ. ಅವಳು ನನ್ನನ್ನು ಬೀದಿಗೆ ಕರೆದೊಯ್ದು, ಮಕ್ತುಮಸಾಬನ ಒಡಕು ಗಂಟಲಿನಲ್ಲಿ ಪಿಸುಗುಟ್ಟಿದಳು. "ಮೊದಲ ದಿನ ಕೂಗಿದ್ನೆರಿ. ಆ ಮುದುಕಿ ಬಂದ್ರೇನು, ಬಂದ್ರೇನು ಅಂತ ಗ್ವಾಡಿ ಹಿಡಕೊಂಡು ಓಡಿ ಬಂದು ಹೊಚ್ಚಲಕ್ಕ ಎಡವಿ ಬಿದ್ಲು. ಅವತ್ತಿಂದ ಈ ಮನಿ ಮುಂದ ನಾನು ಬಾಯಿ ತಗಿಯೂದಿಲ್ಲ."

ನಾನು ಒಳಗೆ ಬಂದು ಚಾಪೆಯ ಹತ್ತಿರ ನಿಂತೆ. ಹೆಜ್ಜೆ ಸಪ್ಪಳ ಕೇಳಿ ಮಾಬೂಬಿ ತಲೆಯೆತ್ತಿದಳು.

"ಯಾರ್ರಿ?"

"ನಾನವ್ವ, ಪಟ್ಟಿ ಮಾಸ್ತರ್."

"ಕೂಡಪಾ. ದಿನಾ ಬರತಿ, ನಿನ್ನ ಸಪ್ಪಳ ಗುರತ ಹತ್ತತೈತಿ." ಸೆರಗಿನ ತುದಿಯನ್ನು ಮಡಚುತ್ತ ಬಿಚ್ಚುತ್ತ, "ನಮ್ಮವರಿಗೆ ನಾ ಏನ ತಪ್ಪ ಮಾಡೇನೋ ಗೊತ್ತಿಲ್ಲೋ ಯಪ್ಪಾ" ಎಂದಳು. "ಮಾತ ಬಿಟ್ಟಾರ. ಎಷ್ಟ ದಿನಾ ಆತೋ. ಕೈಯಾಗ ಚಾ ಕೊಡತಾರ, ಉಣಸತಾರ, ತಲಿ ಬಾಚತಾರ. ಅವರ ಕೈ ನನಗ ಗೊತ್ತೈತಿ, ಸುಟ್ಟ ಗಾಯದ ಕೈ. ಆದರ ಒಂದ ಮಾತಿಲ್ಲ. ಸಿಟ್ಟ ಬಂದ್ರ ಬೈಲಿ, ಅದಕ್ಕ ಗಂಡಂತಾರ. ನಾ ಕಣ್ಣಿಲ್ಲದಾಕಿ, ಮಾತಿಲ್ಲಂದ್ರ ಮನ್ಯಾಗ ಯಾರ ಅದಾರ ಅಂತ ಹೆಂಗ ತಿಳೀಬೇಕು?"

ನಾನು ಅವಳ ಚಾಪೆಯ ಪಕ್ಕ ಕೂತು, ಕನ್ನಡಕ ತೆಗೆದಿಟ್ಟು ಅತ್ತೆ. ಹುಡುಗಿಯ ದನಿ ಕೇಳಿ ಅವಳು ಗಾಬರಿಯಾಗದಿರಲಿ ಎಂದು ಆ ಮನುಷ್ಯ ಏಳು ತಿಂಗಳು ಮನೆಯೊಳಗೆ ಬಾಯಿ ಮುಚ್ಚಿಕೊಂಡಿದ್ದ. ಬಾಯಿ ತೆರೆಯುತ್ತಿದ್ದದ್ದು ಅಂಗಳದ ತುದಿಯಲ್ಲಿ, ನನ್ನ ಸಲುವಾಗಿ.

ಮಾಬೂಬಿ ನನ್ನ ಕಡೆ ಬಾಗಿದಳು. "ಆ ಅಂಗಳದಾಗ ದಿನಾ ಒಂದ ಹುಡುಗಿ ಬಂದು ನಿನ್ನ ಕೂಡ ಮಾತಾಡತಾಳಲ್ಲ, ಯಾರ ಮಗಳಪಾ ಆಕಿ? ಬಾಗಲಾ ಮುಚ್ಚಿದ್ರೂ ಕೇಳತೈತಿ. ಭಾಳ ಚೊಲೋ ಮಾತಾಡತಾಳ. ನಮ್ಮವರಿಗೂ ಎರಡ ಮಾತ ಕಲಸಂತ ಆಕಿಗೆ ಹೇಳೋ."

ನನ್ನ ಮಗಳವ್ವ ಎಂದೆ. ಹೆಸರು ಕೇಳಿದಳು. ಇಲ್ಲ ಎಂದೆ. ಅವಳಿಗೆ ಅದು ವಿಚಿತ್ರವೆನಿಸಲಿಲ್ಲ. "ಹೇಳತೀನವ್ವ, ಇವತ್ತ ಹೇಳತೀನಿ" ಎಂದು ಎದ್ದೆ.

ಅಂಗಳದಲ್ಲಿ ಮಕ್ತುಮಸಾಬ ಇದ್ದಿಲಿನ ಚೀಲ ಇಳಿಸಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ ಎಂದು ಮುಖದಿಂದಲೇ ತಿಳಿಯಿತು. ಬಾಗಿಲು ಮುಂದೆ ಮಾಡಿ, ಎಂದಿನ ಹಾಗೆ ಅಂಗಳದ ತುದಿಗೆ ಬಂದು ಕೂತ.

"ನಿನಗ ಮೊದಲಿಂದ ಗೊತ್ತಿತ್ತೇನು ಚಾಚಾ?" ಎಂದೆ.

"ಗೊತ್ತಿರದೇನ್ರಿ" ಎಂದ ನನ್ನ ಮಗಳ ದನಿಯಲ್ಲಿ. "ಆ ಕೂಸು ಪಾತ್ರಿ ತಗೊಂಡ ಬಂದು ನನ್ನ ಕೂಡ ಎಷ್ಟ ಜಗಳಾಡಿತ್ತು, ಇಲ್ಲಿ ಕಲಾಯಿ ಹಿಡಿದಿಲ್ಲ, ಅಲ್ಲಿ ಹಿಡಿದಿಲ್ಲ ಅಂತ. ಮೊದಲ ದಿನ ಬಾಯಿ ತಗದ ಕೂಡಲೇ ಗುರುತ ಹತ್ತಿತು. ಯಂತ್ರ ಕೆಟ್ಟೈತಿ ಅಂದ್ರಿ. ಯಂತ್ರ ಅಲ್ಲ, ಮಾಸ್ತರ್ರ ಎದಿ ಕೆಟ್ಟೈತಿ ಅಂತ ಸುಮ್ನಾದೆ."

"ನಿನ್ನ ಹೆಂಡ್ತಿ ಬಗ್ಗೆ ಒಂದ ಮಾತ ಹೇಳಬಾರದಾ?"

"ಹೇಳಿದ್ರ ನೀವು ತಗದಬಿಡತಿದ್ರಿ." ನೆಲದ ಮೇಲೆ ಬೆರಳಿನಿಂದ ಏನೋ ಗೀಚಿದ. "ನಮಗ ಮಕ್ಕಳಿಲ್ರಿ. ಹೋದ ಕೂಸಿನ ದನಿ ನನ್ನ ಗಂಟಲಾಗ ಬಂದು ಕುಂತೈತಿ ಅಂದ್ರ, ಎಬ್ಬಿಸಿ ಕಳಸಾಕ ನನಗೂ ಆಗಲಿಲ್ಲ. ಇವತ್ತ ನಾಳೆ ಅಂತ ದಿನಾ ದೂಡಿದೆ. ಆಕಿಗೆ ಅನ್ಯಾಯ ಮಾಡಿದೆ."

ಬೀದಿಯಲ್ಲಿ ಶಾಲೆಯ ಮಕ್ಕಳು ಮುದುಕರ ದನಿಯಲ್ಲಿ ಕೂಗಾಡಿಕೊಂಡು ಹೋದವು. ಕಡೆಗೆ ಅವನು ಕೇಳಿದ. "ಏನರ ಅನ್ನಬೇಕೇನ್ರಿ? ಏನ ಅನ್ನಲಿ ಹೇಳ್ರಿ, ಅಂತೀನಿ. ಅಪ್ಪಾ ಅನ್ನಲೇನು?"

ಏಳು ತಿಂಗಳಿನಿಂದ ನಾಲಿಗೆಯ ತುದಿಯಲ್ಲಿದ್ದದ್ದು ಅದೇ. ಆದರೆ ಕೇಳಿ ಹೇಳಿಸಿಕೊಂಡರೆ ಅದು ಅವಳು ಅಂದ ಹಾಗೆ ಆಗುವುದಿಲ್ಲ ಎಂದು ಆ ಹೊತ್ತಿಗೆ ತಿಳಿಯಿತು. ಬೇಡ ಎಂದೆ. ಕೊಡವನ್ನು ಅಲ್ಲೇ ಬಿಟ್ಟು ಎದ್ದು ನಡೆದೆ. ಗೇಟು ದಾಟಿ ನಾಲ್ಕು ಹೆಜ್ಜೆ ಹೋಗಿರಬಹುದು.

"ಕನ್ನಡಕಾ!"

ಹಿಂದಿನಿಂದ ಅವಳ ದನಿ. ನಾನು ನಿಂತೆ. ಅಳುವಾಗ ತೆಗೆದು ಮಾಬೂಬಿಯ ಚಾಪೆಯ ಮೇಲೆ ಇಟ್ಟಿದ್ದೆನಂತೆ, ಅವನು ತಂದು ಬಾಗಿಲಲ್ಲಿ ನಿಂತಿದ್ದ. ನಾನು ತಿರುಗಲಿಲ್ಲ. ನನಗೆ ಕೇಳಿಸಲಿಲ್ಲವೆಂದು ಅವನು ಮತ್ತೆ ಕೂಗಿದ, "ಕನ್ನಡಕಾ!" ಆಗಲೂ ತಿರುಗಲಿಲ್ಲ. ಮೂರನೆಯ ಸಲ ಕೂಗಿದ, ಈ ಸಲ ಸ್ವಲ್ಪ ಸಿಟ್ಟಿನಿಂದ, ಅವಳು ಕೂಗುತ್ತಿದ್ದ ಹಾಗೆಯೇ. ಆಗ ತಿರುಗಿ ಹೋಗಿ ತೆಗೆದುಕೊಂಡೆ. ಅವನು ನನ್ನ ಮುಖ ನೋಡಿ, ನಾಲ್ಕನೆಯ ಸಲ ಬಾಯಿ ತೆರೆಯಲು ಹೋಗಿ ಮುಚ್ಚಿಕೊಂಡ.

ಹನ್ನೊಂದಕ್ಕೆ ಕಚೇರಿಯಲ್ಲಿ ಕನ್ನಡಕ ಹಾಕಿಕೊಂಡು ಕೂತೆ. ನೀಲಾಂಬಿಕಾ ಬಾಗಿಲ ಹೊರಗೆ ಹೋಗಿ ನಿಂತಳು. ದನಿಯ ಪಟ್ಟಿ ತೆರೆದೆ. ಆರುನೂರ ಮೂವತ್ತೇಳು. ತೆಗೆಯಲೇ ಎಂದು ಕೇಳಿತು. ಕಿವಿಯಲ್ಲಿ ಕನ್ನಡಕಾ ಎಂಬ ಕೂಗು ಇನ್ನೂ ಇತ್ತು, ಅದು ಇರುವಾಗಲೇ ಹೌದು ಎಂದು ಒತ್ತಿದೆ.

ಹೊರಗೆ ಊರಿಗೆ ಊರೇ ಕೂಗಾಡತೊಡಗಿತು. ಜನ ತಮ್ಮ ಹೆಸರನ್ನು ತಾವೇ ಕೂಗಿಕೊಳ್ಳುತ್ತ ಬೀದಿಗೆ ಬಂದರು. ಗಿರಣಿಯ ಈರಪ್ಪ ತನ್ನ ಗುಡುಗಿನ ದನಿ ಕೇಳಿ ಅತ್ತನಂತೆ. ಕೂಸಿನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದನಂತೆ, ಇನ್ನು ಹಾಡಲಿಕ್ಕೆ ಬರಲಾಗುವುದಿಲ್ಲ ಎಂದು. ನೀಲಾಂಬಿಕಾ ಒಳಗೆ ಬಂದು ಕೂತು, ಒಂದರ ಹಿಂದೊಂದು ಗಂಟು ಕಟ್ಟಿದಳು. ಸಂಜೆ ನಾಲ್ಕಕ್ಕೆ ಮುಗಿಯಿತು. ನನಗೆ ಆರುನೂರ ಮೂವತ್ತೇಳನೆಯ ಗಂಟು ಬಿಚ್ಚಿ ತೋರಿಸಿದಳು. ಮಕ್ತುಮಸಾಬ, ಅರವತ್ತೇಳು, ಅವನ ಮನೆ, ಅವನ ದನಿ. ಎಲ್ಲ ಒಂದೇ ಕಡೆ, ಅಚ್ಚುಕಟ್ಟಾಗಿ. ಯಾವ ಮೂಲೆಯಲ್ಲಾದರೂ ಏನಾದರೂ ಉಳಿದಿದೆಯೋ ಎಂದು ನಾನು ಬಹಳ ಹೊತ್ತು ನೋಡಿದೆ. ಏನೂ ಇರಲಿಲ್ಲ.

"ಇನ್ನ ಮುಂದ ಯಾರರ ಹೋದ್ರ ನಾಕು ಸಲ ತಗಿಯೂದ ಬ್ಯಾಡ್ರಿ" ಎಂದಳು. "ಗಂಟು ಎತ್ತಿದರ ಒಮ್ಮೆಲೆ ಎಲ್ಲಾ ಹೋಗತೈತಿ. ನಡುವ ನಿಂದರಾಕ ಬರೂದಿಲ್ಲ." ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತೇನೋ, ನನ್ನ ಮುಖ ನೋಡಲಿಲ್ಲ.

ನಾಲ್ಕು ದಿನ ನಾನು ಮಕ್ತುಮಸಾಬನ ಓಣಿಯ ಕಡೆ ಹೋಗಲಿಲ್ಲ. ಐದನೆಯ ದಿನ ಹೋದೆ, ಕೊಡ ಅಲ್ಲೇ ಇತ್ತಲ್ಲ. ಬಾಗಿಲು ಹಾರು ಹೊಡೆದಿತ್ತು. ಒಳಗೆ ಅವನು ಏನನ್ನೋ ಗೊಣಗುತ್ತಿದ್ದ, ಚಹಾಕ್ಕೆ ಸಕ್ಕರೆ ಹೆಚ್ಚಾಯಿತೋ ಏನೋ. ಮಾಬೂಬಿ ಚಾಪೆಯ ಮೇಲೆ ಗೋಡೆಗೊರಗಿ, ಕಣ್ಣು ಮುಚ್ಚಿ, ಹಾಡು ಕೇಳುವವಳ ಹಾಗೆ ಆ ಗೊಣಗಾಟ ಕೇಳುತ್ತಿದ್ದಳು. ನನ್ನ ಹೆಜ್ಜೆ ಗುರುತಿಸಿ, "ನಿನ್ನ ಮಗಳು ಕಲಸಿದ್ಲೋ ಯಪ್ಪಾ, ಹೆಂಗ ಮಾತಾಡತಾರ ನೋಡು! ಆಕಿನ್ನ ಯಾಕ ಕರಕೊಂಡ ಬರಲಿಲ್ಲ?" ಎಂದಳು. ಊರಿಗೆ ಹೋಗಿದ್ದಾಳೆ ಎಂದೆ. ಯಾವ ಊರು ಎಂದು ಅವಳು ಕೇಳಲಿಲ್ಲ.

ಮಾತುಗಳೆಲ್ಲ ನೆನಪಿವೆ. ಅಪ್ಪಾ, ಕನ್ನಡಕಾ ಎಂದು ಕೂಗುತ್ತಿದ್ದಳು ಎಂಬುದು ಗೊತ್ತು, ಆ ಬೆಳಿಗ್ಗೆ ಮೂರು ಸಲ ಕೂಗಿಸಿಕೊಂಡೆ ಎಂಬುದೂ ಗೊತ್ತು. ಹೇಗೆ ಕೇಳಿಸಿತು ಎಂದು ನೆನೆಯಲು ಹೋದರೆ ಅಲ್ಲಿ ಏನೂ ಇಲ್ಲ. ಹೆಂಡತಿಯ ಹಾಗೆಯೇ ಇವಳೂ ಆದಳು. ಅವರಿಬ್ಬರ ದನಿಯಲ್ಲಿ ಹೋಲಿಕೆಯಿತ್ತೇ ಎಂದು ಈಗ ಯಾರನ್ನು ಕೇಳಲಿ?

ಗಂಟು ಕಟ್ಟಿದ ಮರುದಿನ, ನೀಲಾಂಬಿಕಾ ತನ್ನೂರಿಗೆ ಹೊರಡುವಾಗ, ನಾನು ಕಚೇರಿಗೆ ಕನ್ನಡಕವಿಲ್ಲದೆ ಬಂದಿದ್ದೆ. ಕಿಟಕಿಯ ಮೇಲೆಯೇ ಇತ್ತು, ಯಾರೂ ಕೂಗಿರಲಿಲ್ಲ. ನಾನು ಪರದೆಗೆ ಮೂಗು ತಾಗಿಸಿಕೊಂಡು ಓದುವುದನ್ನು ಅವಳು ನೋಡಿದಳು. ತನ್ನ ಚೀಲದಿಂದ ಅಂಗಿ ಹೊಲಿಯುವ ಕಪ್ಪು ದಾರದ ಒಂದು ಉಂಡೆ ತೆಗೆದು ನಾಲ್ಕು ಎಳೆ ಹೊಸೆದು ಕೊಟ್ಟಳು. ಮನೆಗೆ ಹೋಗಿ ಅದನ್ನು ಕನ್ನಡಕದ ಎರಡೂ ಕಡ್ಡಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಈಗ ಎಲ್ಲಿಗೆ ಹೋದರೂ ಕೂಡೇ ಬರುತ್ತದೆ, ಮರೆಯುವ ಮಾತೇ ಇಲ್ಲ. ಆದರೂ ಬೆಳಿಗ್ಗೆ ಬುತ್ತಿ ಹಿಡಿದು ಬಾಗಿಲು ದಾಟಿದ ಮೇಲೆ, ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತೇನೆ. ಸ್ವಲ್ಪ ಹೊತ್ತು ನಿಂತು, ಕೊರಳಿನ ದಾರವನ್ನು ಮುಟ್ಟಿ ನೋಡಿಕೊಂಡು ಕಚೇರಿಯ ಕಡೆ ನಡೆಯುತ್ತೇನೆ.